ಬಾಡಿಗೆ ರೋಗಿ

ಜೂನ್ 3

ಗುಬ್ಬಿ,

ಮೊದಲು ಒಂದು ಕುರ್ಚಿ ಎಳೆದುಕೊಂಡು ಕೂತ್ಕೋ. ನಿನ್ನ ಅಣ್ಣನಿಗೆ ಕೆಲಸ ಸಿಕ್ಕಿದೆ. ಅದೂ ಎಂಥ ಕೆಲಸ ಅಂತೀಯ, ಮಲಗೋ ಕೆಲಸ. ಇಡೀ ಸರ್ವಿಸ್ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನಿಗೆ ಈಗ ಮಲಗಿದ್ದಕ್ಕೆ ಸಂಬಳ. ನಿನ್ನ ಅತ್ತಿಗೆ ಹೊಲಿಗೆ ಮಷೀನು ನಿಲ್ಲಿಸಿ, "ಈ ಕೆಲಸಕ್ಕೆ ನಿಮ್ಮಷ್ಟು ಅನುಭವ ಇರೋರು ಊರಲ್ಲೇ ಸಿಗಲ್ಲ ಬಿಡಿ" ಅಂದಳು.

ನಮ್ಮ ಬೀದಿ ಕೊನೆಯಲ್ಲಿ ನರ್ಸಿಂಗ್ ಸ್ಕೂಲ್ ಇದೆಯಲ್ಲ, ಅಲ್ಲಿ. ಓದೋ ಹುಡುಗಿಯರು ಆಸ್ಪತ್ರೆಗೆ ಹೋಗೋಕೆ ಮುಂಚೆ ಸುಳ್ಳು ರೋಗಿ ಮೇಲೆ ಕೈ ಪಳಗಿಸಿಕೊಳ್ಳಬೇಕಂತೆ. ಇಷ್ಟು ದಿನ ಒಂದು ರಬ್ಬರ್ ಬೊಂಬೆ ಇತ್ತು. ಬೊಂಬೆ ಸೂಜಿ ಚುಚ್ಚಿಸಿಕೊಳ್ಳತ್ತೆ, ಆದರೆ ಮಾತಾಡಲ್ಲ. ಟ್ಯೂಟರ್ ಮೇಡಂಗೆ ಮಾತಾಡೋ ರೋಗಿ ಬೇಕಾಗಿತ್ತು. ಅತ್ತಿಗೆ ಹತ್ತಿರ ಬ್ಲೌಸು ಸಡಿಲ ಮಾಡಿಸೋಕೆ ಬಂದವರು ನನ್ನ ಬಾಯಿ ಕೇಳಿ ಅಲ್ಲೇ ಆರಿಸಿಬಿಟ್ಟರು.

ಉದ್ದನೆಯ ಕೋಣೆ, ಆರು ಮಂಚ, ಫಿನಾಯಿಲ್ ವಾಸನೆ. ಕೊನೇ ಮಂಚದ ಮೇಲೆ ಆ ಬೊಂಬೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡತ್ತೆ, ಕೆಲಸ ಕಿತ್ತುಕೊಂಡವನು ಅಂತ. ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಇದೇ ಹಾಳೆ ಹುಡುಗಿಯರ ಅಭ್ಯಾಸದ ಪುಸ್ತಕದಲ್ಲೂ ಇದೆ. ನಿನಗೋಸ್ಕರ ನಕಲು ಮಾಡಿದ್ದೀನಿ:

"ರೋಗಿ ಅರವತ್ತಾರು ವರ್ಷದ ಪುರುಷ. ಹೃದಯದ ಶಕ್ತಿ ಕುಂದಿದೆ. ಕೆಲವು ವಾರಗಳಿಂದ ನಡೆದರೆ ಉಸಿರು ಸಾಲುವುದಿಲ್ಲ. ಪಾದಗಳು ಊದಿವೆ. ಒಂದು: ನೀವು ಮೊದಲು ಮಾಡುವ ಕೆಲಸ ಯಾವುದು? ಎರಡು: ದಿನವೂ ಬೆಳಿಗ್ಗೆ ಏನನ್ನು ಅಳೆದು ಬರೆದಿಡುತ್ತೀರಿ? ಮೂರು: ರೋಗಿ ತಾನಾಗಿ ಹೇಳದ್ದನ್ನು ತಿಳಿಯಲು ಏನು ಕೇಳುತ್ತೀರಿ?"

ನನ್ನ ಹಾಳೆಯಲ್ಲಿ ಮಾತ್ರ ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೊಂದಿಷ್ಟು ಇದೆ. ಅದನ್ನ ಹುಡುಗಿಯರು ಕೇಳಿದರೆ ಮಾತ್ರ ಬಾಯಿ ಬಿಡಬೇಕು.

ಮೊದಲ ದಿನ ನಾನು ಬಾಯಿ ತೆರೆದು ಜೋರಾಗಿ ಏದುಸಿರು ಬಿಟ್ಟೆ, ಎದೆ ಹಿಡಿದುಕೊಂಡೆ, ಒಂದೆರಡು ಸಲ ಅಯ್ಯೋ ಅಂದೆ. ಮೇಡಂ ಹತ್ತಿರ ಬಂದು ಮೆತ್ತಗೆ, "ನೀವು ಬಸ್ಸು ತಪ್ಪಿಸಿಕೊಂಡು ಅದರ ಹಿಂದೆ ಓಡಿದವರ ಥರ ಇದ್ದೀರಿ, ಹೃದಯ ಸೋತವರ ಥರ ಅಲ್ಲ" ಅಂದರು. ಹುಡುಗಿಯರು ಮುಖ ಆ ಕಡೆ ತಿರುಗಿಸಿ ನಕ್ಕರು.

ನೀನು ಆಯುಷ್ಯವೆಲ್ಲ ವಾರ್ಡಿನಲ್ಲಿ ಕಳೆದವಳು. ನನ್ನ ಮಾನ ಕಾಪಾಡು. ಹೇಗೆ ನರಳಬೇಕು ಅಂತ ಬರಿ. ಫೋನು ಬೇಡ, ಆ ನಿನ್ನ ಕೆಳಗಿನ ಮನೆಯವರ ಫೋನಿನಲ್ಲಿ ಕೇಳಿಸೋದು ಬರೀ ಹಲೋ.

ನಿನ್ನ ಅಣ್ಣ

ಜೂನ್ 12

ಅಣ್ಣ,

ಕಾಗದ ಓದಿ ಎಷ್ಟು ನಕ್ಕೆ ಅಂದರೆ, ಎದುರು ಮನೆ ಕಿಟಕಿಯ ಹೆಂಗಸು ಏನಾಯಿತು ಅಂತ ಸನ್ನೆ ಮಾಡಿ ಕೇಳಿದಳು. ನೀನು ರೋಗಿ. ನೆಗಡಿ ಬಂದರೆ ಇಡೀ ಬೀದಿಗೆ ಕೇಳೋ ಹಾಗೆ ಸೀನುವವನು, ನೀನು ರೋಗಿ.

ಆ ಮೂರು ಪ್ರಶ್ನೆ ನೋಡಿದ ಕೂಡಲೇ ನಾನು ಮತ್ತೆ ನರ್ಸಿಂಗ್ ಓದುವಾಗಿನ ಹಾಸ್ಟೆಲ್ ತಾರಸಿ ಮೇಲಿದ್ದೆ. ಒಗೆದ ಏಪ್ರನ್‌ಗಳು ಸಾಲಾಗಿ ಒಣಗುತ್ತಿದ್ದವು, ಅವುಗಳ ಮಧ್ಯೆ ನಾವು ಹುಡುಗಿಯರು ಪುಸ್ತಕ ಹಿಡಿದು ಓಡಾಡುತ್ತಾ ಬಾಯಿಪಾಠ ಮಾಡುತ್ತಿದ್ದೆವು. ಒಬ್ಬಳು ರೋಗಿ, ಒಬ್ಬಳು ನರ್ಸು. ನನ್ನ ಜೊತೆಯವಳೊಬ್ಬಳು ಯಾವ ಪ್ರಶ್ನೆ ಕೊಟ್ಟರೂ "ಡಾಕ್ಟರನ್ನು ಕರೆಯುತ್ತೇನೆ" ಅಂತಲೇ ಉತ್ತರ ಬರೆಯುತ್ತಿದ್ದಳು. ನಮ್ಮ ಟೀಚರು ಒಂದು ದಿನ ಕೇಳಿದರು, "ಸರಿ ಕಣಮ್ಮ, ಡಾಕ್ಟರು ಬರೋ ತನಕ ನೀನು ಏನು ಮಾಡ್ತೀಯ? ಬಾಗಿಲು ನೋಡ್ತಾ ನಿಂತಿರ್ತೀಯ?" ಆ ಮಾತು ನಾನು ಕೆಲಸ ಬಿಡೋ ದಿನದ ತನಕ ಕಿವಿಯಲ್ಲೇ ಇತ್ತು. ಡಾಕ್ಟರು ಬರೋ ತನಕದ ಹೊತ್ತೇ ನರ್ಸಿನ ಕೆಲಸ.

ಈಗ ನಿನ್ನ ಪಾಠ. ಅಂಗಾತ ಮಲಗಬೇಡ. ಇಂಥ ರೋಗಿಗೆ ಅಂಗಾತ ಮಲಗೋಕೇ ಆಗಲ್ಲ, ನೀರಿನಲ್ಲಿ ಮುಳುಗಿದ ಹಾಗಾಗತ್ತೆ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು, ಎರಡೂ ಕೈ ಊರಿ, ಸ್ವಲ್ಪ ಮುಂದಕ್ಕೆ ಬಾಗಿ ಕೂರು. ಉದ್ದನೆಯ ವಾಕ್ಯ ಆಡಬೇಡ. ನಿನಗೆ ಕಷ್ಟ, ಗೊತ್ತು. ನಾಲ್ಕು ಶಬ್ದ, ಉಸಿರು, ಮತ್ತೆ ನಾಲ್ಕು ಶಬ್ದ. ನರಳಲೇಬೇಡ. ನಿಜವಾಗಿ ಕಷ್ಟದಲ್ಲಿರೋರು ನರಳಲ್ಲ ಕಣೋ, ಅವರ ಹತ್ತಿರ ಅದಕ್ಕೂ ಉಸಿರು ಇರಲ್ಲ. ಹೇಗಿದ್ದೀರಿ ಅಂತ ಕೇಳಿದರೆ ಅವರ ಬಾಯಿಂದ ಮೊದಲು ಬರೋದು "ಏನಿಲ್ಲ" ಅಂತ.

ಮೊದಲ ಪ್ರಶ್ನೆಗೆ ಉತ್ತರ, ರೋಗಿಯನ್ನ ಎಬ್ಬಿಸಿ ಒರಗಿಸಿ ಕೂರಿಸೋದು. ಎರಡನೆಯದು, ತೂಕ. ಊಟ ಹೆಚ್ಚು ಮಾಡಿಲ್ಲ, ಆದರೂ ತೂಕ ಏರುತ್ತಿದೆ ಅಂದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ. ಮೂರನೆಯದನ್ನ ಹೇಳಲ್ಲ. ನೀನು ಆ ಹುಡುಗಿಯರ ಮೇಲೆ ಕರುಣೆ ಬಂದು ಬಾಯಿ ಬಿಡ್ತೀಯ.

ಇಷ್ಟೆಲ್ಲ ಯಾಕೆ, ಸುಮ್ಮನೆ ಅಪ್ಪನ ಹಾಗೆ ಮಾಡು. ಅಷ್ಟು ಸಾಕು.

ಅತ್ತಿಗೆಯನ್ನ ಕೇಳಿದೆ ಅಂತ ಹೇಳು.

ನಿನ್ನ ತಂಗಿ

ಜೂನ್ 20

ಗುಬ್ಬಿ,

ನೀನು ಹೇಳಿದ ಹಾಗೆ ಅಂಚಿನಲ್ಲಿ ಕೂತೆ. "ಏನಿಲ್ಲಮ್ಮ" ಅಂದೆ. ಮೇಡಂ ಸರಿ ಅನ್ನೋ ಹಾಗೆ ತಲೆ ಆಡಿಸಿದರು. ಅವರಿಂದ ಅದು ಸಿಗೋದೇ ಕಷ್ಟ.

ಆದರೆ ನಿನ್ನ ಕೊನೇ ಮಾತು ನನಗೆ ಅರ್ಥ ಆಗಲಿಲ್ಲ. ಅಪ್ಪನ ಹಾಗೆ ಅಂದರೆ? ಅಪ್ಪ ಯಾವಾಗ ಹೀಗೆ ಉಸಿರಿಗೆ ಒದ್ದಾಡಿದರು? ನಾನು ಬಸ್ಸಿನ ಡ್ಯೂಟಿಯಿಂದ ಬಿಡುವು ಸಿಕ್ಕಾಗಲೆಲ್ಲ ಊರಿಗೆ ಬರುತ್ತಿದ್ದೆನಲ್ಲ. ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿರೋರು, ನುಣ್ಣಗೆ ಶೇವ್ ಮಾಡಿ, ಇಸ್ತ್ರಿ ಶರ್ಟ್ ಹಾಕಿ. ನಾನು ದಾರಿಯ ಕಥೆ ಹೇಳಿದರೆ ಕೇಳಿ ನಗೋರು. ಆಮೇಲೆ ಒಂದು ದಿನ ಡಿಪೋಗೆ ನಿನ್ನ ಟೆಲಿಗ್ರಾಂ ಬಂತು. ಹೃದಯ ನಿಂತಿತು, ಇದ್ದಕ್ಕಿದ್ದ ಹಾಗೆ. ಇಷ್ಟು ವರ್ಷ ನಾನು ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೀನಿ, ನಮ್ಮಪ್ಪ ಕೊನೇ ದಿನದ ತನಕ ಹಲಗೆ ಉಜ್ಜಿದ ಬಡಗಿ, ಒಂದು ದಿನ ಮಲಗಲಿಲ್ಲ ಅಂತ.

ನೀನು ಬೇರೆ ಯಾರನ್ನೋ ನೆನಪಿಸಿಕೊಂಡು ಬರೆದೆಯಾ?

ಅಣ್ಣ

ಜುಲೈ 16

ಅಣ್ಣ,

ಉತ್ತರ ತಡವಾಯಿತು. ಕೆಲಸ ಏನೂ ಇಲ್ಲ, ಆದರೂ ದಿನ ಹೇಗೋ ಮುಗಿದುಹೋಗತ್ತೆ.

ಅಪ್ಪನ ಮಾತು ಬಿಡು, ಹಳೇದು. ಬಾಯಿ ಜಾರಿ ಬರೆದೆ.

ನನ್ನ ಹೊಸ ವ್ಯವಸ್ಥೆ ಕೇಳು. ಕಿಟಕಿಯಿಂದ ಹಗ್ಗ ಕಟ್ಟಿ ಒಂದು ಬುಟ್ಟಿ ಇಳಿಬಿಟ್ಟಿದ್ದೀನಿ. ಕೆಳಗಿನ ಅಂಗಡಿಯವನು ಹಾಲು, ತರಕಾರಿ, ನಿನ್ನ ಕಾಗದ, ಎಲ್ಲ ಅದರಲ್ಲಿಟ್ಟು ಗಂಟೆ ಹೊಡೆಯುತ್ತಾನೆ. ನಾನು ಎಳೆದುಕೊಳ್ಳೋದು. ಎದುರು ಮನೆಯವಳೂ ಈಗ ಹಾಗೇ ಮಾಡುತ್ತಿದ್ದಾಳೆ. ಬೀದಿಗೆ ಫ್ಯಾಷನ್ ಕಲಿಸಿದೆ ನೋಡು. ಹೊಸ ಚಪ್ಪಲಿಯನ್ನೂ ಹಾಗೇ ತರಿಸಿಕೊಂಡೆ, ಹಳೇದು ಯಾಕೋ ಕಚ್ಚುತ್ತಿತ್ತು.

ಕಿಟಕಿ ಪಕ್ಕ ಕೂತರೆ ಇಡೀ ಬೀದಿ ಕಾಣತ್ತೆ. ನಾನು ಡ್ಯೂಟಿಗೆ ಹೋಗುತ್ತಿದ್ದ ದಾರಿಯೂ ಕಾಣತ್ತೆ.

ತಂಗಿ

ಜುಲೈ 25

ಗುಬ್ಬಿ,

ಬುಟ್ಟಿಯ ಐಡಿಯಾ ಅತ್ತಿಗೆಗೆ ಓದಿ ಹೇಳಿದೆ. "ನಿಮ್ಮ ತಂಗಿ ಚಿಕ್ಕವಳಿದ್ದಾಗಲೂ ಹೀಗೇ ಚುರುಕಾ?" ಅಂದಳು. ಹೌದು, ನಮ್ಮ ಮನೆಯ ಬುದ್ಧಿ ಎಲ್ಲ ಅವಳ ಪಾಲಿಗೇ ಹೋಯಿತು, ನನಗೆ ಬಂದಿದ್ದು ಗಂಟಲು ಮಾತ್ರ ಅಂದೆ.

ಇಲ್ಲಿ ಒಬ್ಬ ಹುಡುಗಿ ಇದ್ದಾಳೆ. ನಾನು ಅವಳಿಗೆ ಪಿಸುಮಾತಿನವಳು ಅಂತ ಹೆಸರಿಟ್ಟಿದ್ದೀನಿ. ಪುಸ್ತಕದ ಪ್ರಶ್ನೆ ಎಲ್ಲ ಅವಳಿಗೆ ಬಾಯಿಗೆ ಬರತ್ತೆ. ಆದರೆ ನನ್ನ ಮುಂದೆ ಬಂದು ನಿಂತರೆ ಕಣ್ಣು ಗೋಡೆ ಮೇಲೆ, ಧ್ವನಿ ಹೊಟ್ಟೆಯೊಳಗೆ. ಕಳೆದ ಪರೀಕ್ಷೆಯಲ್ಲಿ ಇದೇ ಕಾರಣಕ್ಕೆ ಫೇಲಂತೆ. ಸೆಪ್ಟೆಂಬರಿನಲ್ಲಿ ಮತ್ತೆ ಇದೆ, ಅದೂ ತಪ್ಪಿದರೆ ಮನೆಗೆ ಕಳಿಸುತ್ತಾರೆ. ನಿನ್ನೆ ನನ್ನ ನಾಡಿ ನೋಡುವಾಗ ಅವಳ ಕೈಯೇ ನಡುಗುತ್ತಿತ್ತು. "ಅಮ್ಮಾ, ಇದು ನನ್ನ ನಾಡಿಯೋ ನಿಂದೋ?" ಅಂದೆ. ನಕ್ಕಳು, ಮೊದಲ ಸಲ. ಆಮೇಲೆ ತಂದೆ ಮೀನು ದೋಣಿಯಲ್ಲಿ ಕೆಲಸ ಮಾಡೋದು, ಮನೆಯಲ್ಲಿ ಇವಳೊಬ್ಬಳೇ ಓದಿದ್ದು ಅಂತೆಲ್ಲ ಹೇಳಿದಳು. ಪಿಸುಮಾತಿನಲ್ಲೇ.

ಅಪ್ಪನ ಮಾತು ಬಿಡು ಅಂತ ಬರೆದಿದ್ದೀಯ. ಬಿಡೋಕೆ ನೋಡಿದೆ, ಆಗುತ್ತಿಲ್ಲ. ದಿನಾ ಆ ಮಂಚದ ಅಂಚಿನಲ್ಲಿ ಕೂತು ಯಾರ ಹಾಗೋ ಉಸಿರಾಡುತ್ತಿದ್ದೀನಿ, ಅದು ಯಾರು ಅಂತ ನನಗೆ ಗೊತ್ತಿಲ್ಲ. ನಾನೂ ಮಗ ಅಲ್ಲವಾ? ಹೇಳು.

ಅಣ್ಣ

ಆಗಸ್ಟ್ 19

ಅಣ್ಣ,

ಸರಿ, ಹೇಳ್ತೀನಿ. ಇದನ್ನ ಒಂದೇ ಸಲಕ್ಕೆ ಬರೆಯೋಕೆ ಆಗಲಿಲ್ಲ, ದಿನಾ ಸ್ವಲ್ಪ ಸ್ವಲ್ಪ ಬರೆದಿದ್ದು. ಶಾಯಿ ಬೇರೆ ಬೇರೆ ಕಂಡರೆ ಅದಕ್ಕೇ.

ನಾನು ಎರಡನೇ ವರ್ಷ ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓಡಾಡೋಕೆ ಶುರು ಮಾಡಿದೆ, ನೆನಪಿದೆಯಾ? ಹಾಸ್ಟೆಲ್ ಊಟ ಸೇರಲ್ಲ ಅಂತ ನಿನಗೆ ಬರೆದಿದ್ದೆ. ಊಟ ಚೆನ್ನಾಗೇ ಇತ್ತು. ಅಪ್ಪನಿಗೆ ಹುಷಾರಿರಲಿಲ್ಲ.

ಮೊದಲು ನನಗೂ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಹಲಗೆ ಉಜ್ಜುತ್ತಾ ಇರೋರು, ಮಧ್ಯೆ ನಿಲ್ಲಿಸಿ, ಹಲಗೆಯನ್ನ ಕಣ್ಣ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯಾ ಅಂತ ನೋಡೋರು. ಬಡಗಿಗಳೆಲ್ಲ ಹಾಗೆ ನೋಡುತ್ತಾರೆ. ಆದರೆ ಅಪ್ಪ ನೋಡುತ್ತಲೇ ಇರೋರು. ಒಂದು ದಿನ ನಾನು ಬಾಗಿಲಲ್ಲಿ ನಿಂತು ಗಮನಿಸಿದೆ. ಹಲಗೆ ನೆಟ್ಟಗೇ ಇತ್ತು. ಅವರು ಉಸಿರಿಗೆ ಕಾಯುತ್ತಿದ್ದರು.

ಆ ವಾರ ಕ್ಲಾಸಿನಲ್ಲಿ ಇದೇ ಪಾಠ ಆಗಿತ್ತು. ಇದೇ ಪ್ರಶ್ನೆಗಳು. ನಾನು ಪುಸ್ತಕ ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಕೂತೆ. "ಅಪ್ಪ, ನಾಳೆ ಪರೀಕ್ಷೆ ಇದೆ, ನೀವು ಸ್ವಲ್ಪ ರೋಗಿಯಾಗಿ" ಅಂದೆ. ಪರೀಕ್ಷೆ ಇರಲಿಲ್ಲ. ಅವರಿಗೂ ಅದು ಗೊತ್ತಿತ್ತು ಅಂತ ಕಾಣತ್ತೆ. ಉಜ್ಜುಗೊರಡು ಪಕ್ಕಕ್ಕಿಟ್ಟು, ಮೈಮೇಲಿನ ಮರದ ಸಿಪ್ಪೆ ಕೊಡವಿಕೊಂಡು, "ಕೇಳಮ್ಮ ಸಿಸ್ಟರ್" ಅಂದರು. ನಾನು ಒಂದೊಂದೇ ಕೇಳಿದೆ. ಆಟದ ಉತ್ತರ ಅನ್ನೋ ಹಾಗೆ ಎಲ್ಲ ನಿಜ ಹೇಳಿದರು. ಹಾಗೆ ಹೇಳೋಕೆ ಅವರಿಗೆ ಸುಲಭ ಆಯಿತೋ ಏನೋ. ಆಮೇಲೆ ದಿನಾ ಸಂಜೆ ನಮ್ಮದು ಅದೇ ಆಟ. ನಾಡಿ ನೋಡೋದು, ಕಾಲು ಒತ್ತಿ ನೋಡೋದು, ಧಾನ್ಯದ ಅಂಗಡಿಯ ತಕ್ಕಡಿಯಲ್ಲಿ ತೂಕ ನೋಡೋದು. ನಾನು ನರ್ಸಾಗಿ ಕಲಿತಿದ್ದೆಲ್ಲ ಆ ಅಂಗಡಿಯಲ್ಲೇ ಅಣ್ಣ, ಆ ಮರದ ವಾಸನೆಯಲ್ಲೇ. ಆಸ್ಪತ್ರೆಗೂ ಕರೆದುಕೊಂಡು ಹೋದೆ. ಆಗ ಇದ್ದ ಔಷಧ ಕೊಟ್ಟರು. ಆಗ ಇದ್ದಿದ್ದು ಅಷ್ಟೇ.

ನೀನು ಬರೋ ದಿನ ಮಾತ್ರ ಬೇರೆ ಆಟ. ಹಿಂದಿನ ದಿನ ಅಂಗಡಿ ತೆರೆಯುತ್ತಿರಲಿಲ್ಲ, ಶಕ್ತಿ ಉಳಿಸಿಕೊಳ್ಳೋಕೆ. ಬೆಳಿಗ್ಗೆ ಶೇವಿಂಗ್ ಅರ್ಧ ಮಾಡಿ, ಕೂತು ಸುಧಾರಿಸಿಕೊಂಡು, ಮತ್ತೆ ಅರ್ಧ. ಕುರ್ಚಿ ಬಾಗಿಲ ಪಕ್ಕವೇ ಯಾಕೆ ಇರುತ್ತಿತ್ತು ಅಂದರೆ, ನೀನು ಬಂದಾಗ ಎದ್ದು ನಡೆಯಬೇಕಾಗಬಾರದು ಅಂತ. ನೀನು ಕಥೆ ಹೇಳುವಾಗ ಅವರು ಬರೀ ನಗೋದು ಯಾಕೆ ಅಂದರೆ, ನಗೋಕೆ ಮಾತಿನಷ್ಟು ಉಸಿರು ಬೇಡ.

"ಅವನು ದಿನಾ ಘಟ್ಟದ ದಾರಿಯಲ್ಲಿ ಹೋಗೋನು, ಅವನ ಮನಸ್ಸು ಬಸ್ಸಿನ ಮೇಲಿರಲಿ, ಹೇಳಬೇಡ" ಅಂದರು. ಅಣ್ಣ ಡ್ರೈವರ್ ಅಲ್ಲ, ಅವನು ಟಿಕೆಟ್ ಹರಿಯೋನು ಅಂತ ವಾದ ಮಾಡಿದೆ. ಕೇಳಲಿಲ್ಲ. ಆಣೆ ಹಾಕಿಸಿಕೊಂಡರು. ಅವರು ಹೋದಮೇಲೆ ಹೇಳಿ ಏನು ಪ್ರಯೋಜನ ಅನ್ನಿಸಿತು. ನಿನ್ನ ಅಪ್ಪ ಗಟ್ಟಿಮುಟ್ಟಾಗಿ ಕೂತಿದ್ದಾರೆ, ಕೂತಿರಲಿ ಅಂತ ಬಿಟ್ಟೆ.

ನನಗೆ ಅವರ ಮೇಲೆ ಸಿಟ್ಟಿತ್ತು, ಆ ಆಣೆಗೆ. ಈಗ ಅವರು ಯಾಕೆ ಹಾಗೆ ಮಾಡಿದರು ಅಂತ ಸ್ವಲ್ಪ ಗೊತ್ತಾಗತ್ತೆ.

ಸುಸ್ತಾಯಿತು, ಇಷ್ಟು ಬರೆದು.

ತಂಗಿ

ಸೆಪ್ಟೆಂಬರ್ 21

ಗುಬ್ಬಿ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಅತ್ತಿಗೆಯೂ ಓದಿ, ಬಂದು ಪಕ್ಕದಲ್ಲಿ ಕೂತಳು. ಆಗ ನಾನು ಆ ಕುರ್ಚಿಯ ಪಕ್ಕ ನಿಂತು ಬಸ್ಸಿನ ಜೋಕು ಹೇಳಿದ್ದನ್ನೆಲ್ಲ ನೆನೆಸಿಕೊಂಡೆ. ದುಃಖ ಆಯಿತು. ಆದರೆ ಇನ್ನೊಂದು ಹೇಳಲಾ, ಎಲ್ಲಿಂದಲೋ ಸಂತೋಷವೂ ಬಂತು. ನನಗೋಸ್ಕರ ಶೇವ್ ಮಾಡೋಕೆ ಅಷ್ಟು ಕಷ್ಟಪಟ್ಟ ಮನುಷ್ಯ ಇನ್ಯಾರೂ ಇಲ್ಲ.

ನಿನ್ನೆ ಪರೀಕ್ಷೆ ಆಯಿತು. ಹೊರಗಿನಿಂದ ಪರೀಕ್ಷೆ ಮಾಡೋರು ಬಂದಿದ್ದರು. ನಾನು ಅಂಚಿನಲ್ಲಿ ಕೂತೆ. ಮಾತಿನ ಮಧ್ಯೆ ಉಸಿರು ಬೇಕಾದಾಗ ಮಂಚದ ಕಬ್ಬಿಣದ ಪಟ್ಟಿಯನ್ನ ಒಂದು ಕಣ್ಣು ಮುಚ್ಚಿ ನೋಡಿದೆ, ನೆಟ್ಟಗಿದೆಯಾ ಅಂತ. ಒಬ್ಬಳಾದ ಮೇಲೆ ಒಬ್ಬಳು ಬಂದು ನಾಡಿ ನೋಡಿ, ಕಾಲು ಒತ್ತಿ, ಬರೆದುಕೊಂಡು ಹೋದರು. "ಹೇಗಿದ್ದೀರಿ?" "ಏನಿಲ್ಲಮ್ಮ." "ಸರಿ ಅಂಕಲ್." ಹೋದರು.

ಪಿಸುಮಾತಿನವಳ ಸರದಿ ಬಂತು. ನಾಡಿ ನೋಡಿದಳು, ಕೈ ನಡುಗಲಿಲ್ಲ. ನಾನು "ಏನಿಲ್ಲಮ್ಮ" ಅಂದೆ, ಪಟ್ಟಿ ನೋಡಿದೆ. ಅವಳು ಹೊರಡಲಿಲ್ಲ. ತಾನೂ ಬಗ್ಗಿ, ನಾನು ನೋಡೋ ಕಡೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಹಾಳೆ ಮಂಚದ ಮೇಲಿಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಎಲ್ಲರಿಗೂ ಕೇಳೋ ಹಾಗೆ ಕೇಳಿದಳು, "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀರಿ?"

ನನ್ನ ಕೆಂಪಕ್ಷರದ ಗುಟ್ಟು ಅದೇ ಕಣೇ. ಕೇಳಿದರೆ ಮಾತ್ರ ಹೇಳಬೇಕಾದ್ದು. ಎದೆಯಲ್ಲಿ ನೀರು ನಿಂತಷ್ಟೂ ದಿಂಬು ಏರಿಸಿಕೊಂಡು ಮಲಗಬೇಕಾಗತ್ತೆ, ಅಲ್ಲವಾ? "ಮೂರು" ಅಂದೆ. "ಮುಂಚೆ?" "ಒಂದು." "ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ?" ಅದು ಹಾಳೆಯಲ್ಲಿ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಊಟದ ಮೇಜು ಹತ್ತಿರ ಎಳೆದು, ಅದರ ಮೇಲೆ ದಿಂಬಿಟ್ಟು ನನ್ನ ಕೈಗಳನ್ನ ಅದರ ಮೇಲಿಟ್ಟು ಒರಗಿಸಿದಳು. "ಇಲ್ಲೇ ಇರ್ತೀನಿ" ಅಂದಳು. ಪಾಸಾದಳು. ಹೊರಗಿನಿಂದ ಬಂದವರು ನನ್ನ ನಟನೆಯನ್ನ ಹೊಗಳಿದರು.

ಮನೆಗೆ ಬಂದು ನಿನ್ನ ಕಾಗದಗಳನ್ನ ತೆಗೆದು ಮೊದಲಿನಿಂದ ಓದಿದೆ. ಜೂನಿನದು ಹೊಳೆಯ ಹಾಗೆ ಹರಿಯತ್ತೆ. ಜುಲೈನದು ಗಿಡ್ಡ. ಆಗಸ್ಟಿನದನ್ನ ದಿನಗಟ್ಟಲೆ ಕೂತು ಬರೆದಿದ್ದೀಯ. ಹಾಲು ತರೋಕೆ ಬುಟ್ಟಿ. ಕಚ್ಚೋ ಚಪ್ಪಲಿ. ಇಡೀ ದಿನ ಕಿಟಕಿ. ನಾನು ಅದನ್ನೆಲ್ಲ ಚುರುಕುತನ ಅಂತ ಹೊಗಳಿದೆನಲ್ಲ, ಎಂಥ ಪೆದ್ದ.

ಗುಬ್ಬಿ, ನೀನು ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀಯ? ಉದ್ದ ಬರೆಯಬೇಡ. ಬರೀ ಅಂಕಿ ಬರಿ.

ಅಣ್ಣ

ಸೆಪ್ಟೆಂಬರ್ 30

ಅಣ್ಣ,

ಆ ಹುಡುಗಿ ಪಾಸಾಗಿದ್ದು ಖುಷಿ ಆಯಿತು. ಸ್ಟೂಲ್ ಎಳೆದು ಕೂತಳಲ್ಲ. ಅದು ಪುಸ್ತಕದಲ್ಲಿ ಬರಲ್ಲ.

ನನಗೆ ಏನಿಲ್ಲ. ವಯಸ್ಸು ಅಷ್ಟೇ. ಇಲ್ಲಿ ಸೆಕೆ ಜಾಸ್ತಿ. ನಾನು ನರ್ಸು ಕಣೋ. ನನ್ನನ್ನ ನೋಡಿಕೊಳ್ಳೋಕೆ ಬರತ್ತೆ.

ನೀನು ಕೆಲಸ ಬಿಟ್ಟು ಬರೋದು ಬೇಡ. ಈಗ ತಾನೇ ಚೆನ್ನಾಗಿ ನಡೀತಿದೆ. ಅತ್ತಿಗೆಗೆ ತೊಂದರೆ. ಮುಂದಿನ ತಿಂಗಳು ನೋಡೋಣ.

ತಂಗಿ

ಅಕ್ಟೋಬರ್ 6

ಗುಬ್ಬಿ,

ಅಂಕಿ ಬರೆದಿಲ್ಲ. "ಏನಿಲ್ಲ" ಅಂತ ಬರೆದಿದ್ದೀಯ. ಆ ಶಬ್ದದ ಅರ್ಥ ನನಗೆ ಕಲಿಸಿದವಳು ನೀನೇ.

ಈ ಕಾಗದ ಬುಟ್ಟಿಯಲ್ಲಿ ಮೇಲೆ ಬರೋ ಹೊತ್ತಿಗೆ ನಾನೂ ಅತ್ತಿಗೆಯೂ ರೈಲಿನಲ್ಲಿರುತ್ತೀವಿ. ಟ್ಯೂಟರ್ ಮೇಡಂಗೆ ಹೇಳಿದೆ. "ರೋಗಿ ರಜಾ ಹಾಕಿದ್ದನ್ನ ಇದೇ ಮೊದಲು ನೋಡ್ತಿರೋದು, ಹೋಗಿ ಬನ್ನಿ" ಅಂದರು. ಅವರೂ ಒಂದು ಮಾತು ಹೇಳಿಕಳಿಸಿದ್ದಾರೆ, ತೂಕ ನೋಡಿಕೊಂಡಿದ್ದಾರಾ ಕೇಳಿ ಅಂತ.

ನಾವು ಬರೋದಕ್ಕೆ ಮನೆ ಗುಡಿಸಬೇಡ. ಒಳ್ಳೇ ಬಟ್ಟೆ ಹಾಕಿಕೊಳ್ಳಬೇಡ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಡ. ಹೇಗಿದ್ದೀಯೋ ಹಾಗೇ ಇರು. ಒಂದು ಸಲ ನನ್ನ ಮುಂದೆ ನಾಟಕ ನಡೆದುಹೋಗಿದೆ, ಇನ್ನೊಂದು ಸಲ ಆಗಲ್ಲ. ಈಗ ನಾನೂ ಅದೇ ಕಸುಬಿನವನು.

ಅಣ್ಣ

ನವೆಂಬರ್ 2

ಅಣ್ಣ,

ಪೆನ್ನು ಹಿಡಿದು ಕೂತರೆ ವಾಕ್ಯ ಕೊನೆಯ ತನಕ ಹೋಗುತ್ತಿದೆ. ನಿನಗೆ ಮೊದಲು ಅದನ್ನೇ ತೋರಿಸೋಣ ಅಂತ ಬರೆಯುತ್ತಿದ್ದೀನಿ. ನೀನು ಊರಿಗೆ ಹೋಗಿ ಆರು ದಿನ ಆಯಿತು. ಅತ್ತಿಗೆ ಇಲ್ಲೇ ಕೂತು ವಾರ್ಡಿನ ಪರದೆಗಳ ಅಂಚು ಹೊಲಿಯುತ್ತಿದ್ದಾಳೆ. ಸುಮ್ಮನೆ ಕೂರೋಕೆ ಅವಳಿಗೆ ಬರಲ್ಲವಂತೆ.

ನೀನು ಬಾಗಿಲು ತಳ್ಳಿದ ಕ್ಷಣ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಚದ ಮೇಲೆ ನಾಲ್ಕು ದಿಂಬು ಏರಿಸಿ ಒರಗಿದ್ದೆ. ನೀನು ಬೈತೀಯ ಅಂತ ಕಾದೆ. ನೀನು ದಿಂಬು ಎಣಿಸಿದೆ, ಬಂದು ಪಕ್ಕದಲ್ಲಿ ಕೂತೆ. ಆಮೇಲೆ ನೀನೂ ಅಂಗಡಿಯವನೂ ಕುರ್ಚಿ ಸಮೇತ ನನ್ನನ್ನ ಮೂರು ಮಹಡಿ ಇಳಿಸಿದಿರಿ. ನೀನು ಪ್ರತಿ ತಿರುವಿನಲ್ಲೂ "ಮುಂದಿನ ಸ್ಟಾಪ್ ಎರಡನೇ ಮಹಡಿ, ಇಳಿಯೋರು ಮುಂದೆ ಬನ್ನಿ" ಅಂತ ಕೂಗಿದೆಯಲ್ಲ, ಬಾಗಿಲು ಬಾಗಿಲಿಗೂ ಜನ ನಿಂತು ನೋಡಿದರು. ನಾಚಿಕೆಯಾಯಿತು. ನಗುವೂ ಬಂತು, ನಗೋಕೆ ಉಸಿರು ಇರಲಿಲ್ಲ.

ನಾನು ಯಾಕೆ ಹೇಳಲಿಲ್ಲ ಅಂತ ನೀನು ಕೇಳಲೇ ಇಲ್ಲ. ನಾನೇ ಹೇಳ್ತೀನಿ. ಇದು ನಾನು ಕೆಲಸ ಮಾಡಿದ ಆಸ್ಪತ್ರೆ, ಈ ವಾರ್ಡಿಗೆ ನಾನು ಸಿಸ್ಟರ್ ಆಗಿ ಕೀ ಗೊಂಚಲು ಹಿಡಿದು ಬರುತ್ತಿದ್ದವಳು. ಇಲ್ಲಿ ಮಂಚದ ಮೇಲೆ ಮಲಗೋದನ್ನ ಕಲ್ಪಿಸಿಕೊಳ್ಳೋಕೂ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿನ್ನ ಕಾಗದದಲ್ಲಿ ಅಷ್ಟು ಉತ್ಸಾಹ ಇತ್ತು, ಅದನ್ನ ಕೆಡಿಸೋಕೆ ಮನಸ್ಸಾಗಲಿಲ್ಲ. ಪ್ರೀತಿ ಅಂದರೆ ಬಾಯಿ ಮುಚ್ಚಿಕೊಂಡಿರೋದು ಅಂತ ಅಪ್ಪನ ಹತ್ತಿರ ಕಲಿತುಬಿಟ್ಟಿದ್ದೆ. ನನ್ನ ಹತ್ತಿರ ಯಾವ ರೋಗಿಯಾದರೂ ಹೀಗೆ ಮಾಡಿದ್ದರೆ ನಾನು ಮುಖ ಮೋರೆ ನೋಡದೆ ಬೈಯುತ್ತಿದ್ದೆ.

ಈಗಿನ ವಾರ್ಡ್ ಸಿಸ್ಟರ್ ನಾನು ಪಾಠ ಹೇಳಿಕೊಟ್ಟವಳೇ. ಮೊದಲ ದಿನ ನನ್ನ ಕಾಲು ಒತ್ತಿ ನೋಡಿ, ಗುಳಿ ಬಿದ್ದಿದ್ದನ್ನ ನೋಡಿ, ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. "ಸಿಸ್ಟರ್, ನೀವೇ ಹೀಗೆ ಮಾಡಿದರೆ ನಾವು ಯಾರಿಗೆ ಬುದ್ಧಿ ಹೇಳೋದು?" ಅಂದಳು. ಅಷ್ಟೇ. ಆಮೇಲೆ ಅದರ ಮಾತೇ ಎತ್ತಲಿಲ್ಲ. ಔಷಧದಿಂದ ನೀರೆಲ್ಲ ಇಳಿದುಹೋಗಿದೆ. ಪಾದದ ಮೂಳೆ ಮತ್ತೆ ಕಾಣುತ್ತಿದೆ, ಹಳೇ ಸ್ನೇಹಿತೆ ಸಿಕ್ಕ ಹಾಗೆ. ಡಾಕ್ಟರ್ ಹೇಳಿದ್ದು, ಹೃದಯ ದಣಿದಿದೆ, ಹೊಸದಾಗಲ್ಲ, ಆದರೆ ಮಾತ್ರೆ ಬಿಡದೆ ನುಂಗಿ, ಉಪ್ಪು ಕಡಿಮೆ ಮಾಡಿ, ದಿನಾ ತೂಕ ನೋಡಿಕೊಂಡರೆ ಇನ್ನೂ ಬಹಳ ವರ್ಷ ನಡೆಯತ್ತೆ. ಮಹಡಿ ಮಾತ್ರ ಬೇಡ. ಅಪ್ಪನ ಕಾಲಕ್ಕೆ ಈ ಮಾತ್ರೆ ಇರಲಿಲ್ಲ ಅಣ್ಣ. ಅದನ್ನ ನುಂಗುವಾಗಲೆಲ್ಲ ಅವರು ನೆನಪಾಗುತ್ತಾರೆ.

ಇನ್ನು ಮಹಡಿ ಮನೆ ಬೇಡ. ನೀನು ಹೋಗುವಾಗ ಹೇಳಿದೆಯಲ್ಲ, ಮನೆಯ ಹಿಂಬದಿಯ ಕೋಣೆ ಖಾಲಿ ಇದೆ ಅಂತ, ಅದಕ್ಕೆ ಸುಣ್ಣ ಬಳಿಸು. ನಾನು ಬರ್ತೀನಿ. ಅತ್ತಿಗೆ ಬೇಡ ಅಂದಿದ್ದರೆ ಬರುತ್ತಿರಲಿಲ್ಲ. ಅವಳು ಆಗಲೇ ಕಿಟಕಿ ಪರದೆಯ ಬಟ್ಟೆ ಆರಿಸಿದ್ದಾಳೆ. ನಿಮ್ಮ ಟ್ಯೂಟರ್ ಮೇಡಂ ನನ್ನ ಅಭಿಪ್ರಾಯ ಕೇಳಿ ನಿನ್ನ ಕೈಯಲ್ಲಿ ಕಳಿಸಿದ ಪ್ರಶ್ನೆಗಳ ಕಟ್ಟನ್ನ ಓದುತ್ತಿದ್ದೀನಿ. ಚೆನ್ನಾಗಿ ಬರೆದಿದ್ದಾರೆ. ಒಂದೆರಡು ಕಡೆ ಮಾತ್ರ, ರೋಗಿ ಮನೆಯಲ್ಲಿ ಒಬ್ಬರೇ ಇದ್ದಾರಾ ಅಂತ ಹುಡುಗಿಯರು ಕೇಳೋ ಹಾಗೆ ಒಂದು ಪ್ರಶ್ನೆ ಸೇರಿಸಬಹುದೇನೋ, ಬಂದಮೇಲೆ ಅವರನ್ನೇ ಕೇಳ್ತೀನಿ.

ಇವತ್ತು ಬೆಳಿಗ್ಗೆ ನಡೆದಿದ್ದು ಹೇಳಿ ಮುಗಿಸ್ತೀನಿ. ಮೊದಲ ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಹೊಸ ಏಪ್ರನ್, ಇನ್ನೂ ಗಂಜಿ ಬಿಟ್ಟಿಲ್ಲ, ನಡೆದರೆ ಸರಸರ ಅನ್ನತ್ತೆ. ನನಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟಳು. ನಾನು ಒಳಗೊಳಗೇ ಅಂಕ ಹಾಕುತ್ತಿದ್ದೆ, ಚಾಳಿ ಬಿಡಲ್ಲ. ಬಿಸಿನೀರು ಸರಿ, ಪರದೆ ಸರಿ, ಕೈ ಸ್ವಲ್ಪ ಅವಸರ. ಆಮೇಲೆ ಅವಳು ಬಾಚಣಿಗೆ ತೆಗೆದುಕೊಂಡು ನನ್ನ ಹಿಂದೆ ನಿಂತು ಕೂದಲಿನ ಸಿಕ್ಕು ಬಿಡಿಸೋಕೆ ಶುರು ಮಾಡಿದಳು, ತುದಿಯಿಂದ ಮೇಲಕ್ಕೆ, ನೋಯಿಸದೆ.

ಅಮ್ಮ ಹೋದಮೇಲೆ ನನಗೆ ಜಡೆ ಹಾಕುತ್ತಿದ್ದಿದ್ದು ಅಪ್ಪ, ನಿನಗೆ ನೆನಪಿರಬಹುದು. ನಾಲ್ಕನೇ ಕ್ಲಾಸಿನಲ್ಲಿ ನಾನೇ ಹಾಕಿಕೊಳ್ಳೋಕೆ ಕಲಿತೆ. ಅಲ್ಲಿಂದ ಇಲ್ಲಿಯ ತನಕ ನನ್ನ ತಲೆ ಇನ್ನೊಬ್ಬರು ಬಾಚಿದ್ದೇ ಇಲ್ಲ. ಎಷ್ಟು ಜನರ ತಲೆ ನಾನು ಬಾಚಿದ್ದೀನೋ ಲೆಕ್ಕ ಇಲ್ಲ.

ಹುಡುಗಿ ಕೈ ನಿಲ್ಲಿಸಿ ಕೇಳಿದಳು, "ಬೈತಲೆ ಯಾವ ಕಡೆ ತೆಗೀಲಿ, ಅಜ್ಜಿ?"

ಅಪ್ಪ ಯಾವ ಕಡೆ ತೆಗೆಯುತ್ತಿದ್ದರು ಅಂತ ನೆತ್ತಿ ಮುಟ್ಟಿ ನೋಡಿಕೊಂಡೆ. ಅವಳು ಅವಸರ ಮಾಡಲಿಲ್ಲ, ಬಾಚಣಿಗೆ ಹಿಡಿದು ಕಾದಳು.

ಎಡಕ್ಕೆ ಅಂದೆ.

ನಿನ್ನ ಗುಬ್ಬಿ